ಬೆನ್ನು, ಕೆನ್ನೆ, ಬಾಯಿ

ಬೈಂಜು ಬಂದದ್ದು ಸೋಮವಾರ,
ಪತ್ತಾದದಲ್ಲಿ ಅಂಗಡಿ ಮುಚ್ಚುವ ದಿನ.
ಕುರಿಗಳಿಗೆ ವಾರ ಗೊತ್ತಿಲ್ಲ, ಆತನಿಗೂ.
ಜೇಬಿನಿಂದ ಮಡಚುಗತ್ತಿ ತೆಗೆದು ಮೇಜಿನ ಮೇಲಿಟ್ಟು,
ಪಕ್ಕದಲ್ಲಿ ಟೋಪಿಯನ್ನೂ ಇಟ್ಟು,
'ಹರಿತ ಇದೆ ಗವೀನಾ, ಒಳಗೆ ಹೋಗೋದಿಲ್ಲ' ಅಂದ.

ಮುಂಗೈ ಮೇಲೆ ಆಡಿಸಿದೆ. ಸುಳ್ಳಲ್ಲ,
ಕೂದಲು ಬೋಳಿಸಿತು.
ಕುರಿಹಾಲಿನ ಗಟ್ಟಿ ಚೀಸಿಗೆ ಹಚ್ಚಿದೆ:
ತುಟಿಯಷ್ಟು ಇಳಿದು ನಿಂತಿತು.
ಒತ್ತಿದರೆ ಕೊಯ್ಯಲಿಲ್ಲ, ಸೀಳಿತು,
ಹಳೇ ಗೋಡೆಯ ಗಾರೆಯಂತೆ ಪುಡಿಪುಡಿ.

ನಲವತ್ತೊಂದು ವರ್ಷದ ಕತ್ತಿ, ಅಪ್ಪ ಮಾಡಿದ್ದು.
ಟಗರಿನ ಕೊಂಬಿನ ಹಿಡಿ,
ಮಿರ್ಟಲ್ ಎಲೆಯಂಥ ಅಲಗು.
ಈಗ ಎಲೆಯಲ್ಲ, ಎಲೆಯ ನರ.
ದಿನಾ ಸಂಜೆ ಬಾಗಿಲ ಮೆಟ್ಟಿಲಿಗೆ ಮಸೆದು ಮಸೆದು
ಬಾಯಿ ಮೇಲಕ್ಕೆ, ಬೆನ್ನಿನ ಕಡೆಗೆ ಸರಿದಿದೆ.
ಬೆನ್ನು ಇದ್ದಲ್ಲೇ ಇದೆ.
ಹೊಸದರಲ್ಲಿ ಬಾಯಿಯ ಹಿಂದೆ
ಒಂದು ಉಗುರಿನಷ್ಟೂ ಇರಲಿಲ್ಲ ಉಕ್ಕು,
ಈಗ ಅಲ್ಲಿ ಎರಡು, ಹತ್ತಿರ ಹತ್ತಿರ ಮೂರು.
ಸವೆಯುತ್ತ ಸವೆಯುತ್ತ ದಪ್ಪವಾಗುವುದು
ಕತ್ತಿಗಷ್ಟೇ ಬರುವ ಕಾಯಿಲೆಯಲ್ಲ ಅನ್ನಬಹುದು.
ನಾನು ಅನ್ನುವುದಿಲ್ಲ. ನನಗೆ ಕತ್ತಿ ಮಾತ್ರ ಗೊತ್ತು.

ಹೋದ ಬೇಸಿಗೆಯಲ್ಲಿ ಹ್ಯಾಂಬರ್ಗಿನವನೊಬ್ಬ
ಬೆನ್ನು ನಾಲ್ಕು ಮಿಲಿಮೀಟರ್ ಬೇಕೆಂದ.
ಯಾಕೆ ಎಂದೆ. ಗಟ್ಟಿ ಇರಲಿ ಎಂದ.
ಏನು ಕೊಯ್ಯುತ್ತೀರಿ?
ಯೋಚಿಸಿ, 'ಸೇಬು' ಎಂದ.
ಹೊಟ್ಟೆಪಾಡು, ಮಾಡಿಕೊಟ್ಟೆ.
ಅಂಥ ಅಲಗು ಮಲಗಲು ಹಿಡಿಯ ಸೀಳೂ ಅಗಲ,
ಸೀಳು ಅಗಲವಾದರೆ ಕೊಂಬೂ ದಪ್ಪ.
ಅಂಗಳದಲ್ಲೇ ಕೂತು ಸೇಬಿಗೆ ಇಟ್ಟ:
ಅರ್ಧದವರೆಗೆ ಕತ್ತಿ, ಆಮೇಲೆ ಕೊಡಲಿ,
ಟಪ್ಪೆಂದು ಒಡೆದು ಒಂದು ಹೋಳು ಬೆಕ್ಕಿನ ಹತ್ತಿರ ಬಿತ್ತು.
ಖುಷಿಯಾಗಿಯೇ ಹೋದ,
ಪ್ಯಾಂಟಿನ ಜೇಬು ಒಂದು ಕಡೆ ಜೋತು.

ಹಾಗಂತ ತೆಳುವೆಲ್ಲ ಒಳ್ಳೆಯದೆಂದೇನೂ ಅಲ್ಲ.
ನನ್ನ ಮೊದಲ ವರ್ಷದ ಕತ್ತಿಗಳು, ಒಂದೂವರೆ ಮಿಲಿಮೀಟರ್,
ಟೊಮೇಟೊದೊಳಗೆ ತಮ್ಮ ಭಾರಕ್ಕೇ ಇಳಿಯುತ್ತಿದ್ದವು.
ಕಾರ್ಕ್ ತೊಗಟೆಯಲ್ಲಿ ಕೊಂಚ ತಿರುಚಿದ್ದಕ್ಕೆ
ಆಂಟಿಯೋಕೊನ ಕೈಯಲ್ಲಿ ತುದಿ ಪಿಣ್ಣೆಂದು ಹಾರಿತು.
ತುಣುಕನ್ನು ಬೆಂಕಿಪೊಟ್ಟಣದಲ್ಲಿ ತಂದುಕೊಟ್ಟ,
ಹಾಲುಹಲ್ಲು ಬಿದ್ದ ಹುಡುಗನ ಹಾಗೆ.
ಅಪ್ಪ ನಗಲಿಲ್ಲ. ಎರಡು ಹಾಳೆ ಕಾಗದ ಎತ್ತಿ ಹಿಡಿದು
'ಇಷ್ಟು' ಅಂದ, 'ಇಷ್ಟರೊಳಗೇ ನಮ್ಮ ಕೆಲಸವೆಲ್ಲ.'

ಬೈಂಜುವಿನ ಕತ್ತಿಗೆ ಮದ್ದು ಒಂದೇ,
ಕೆನ್ನೆ ಇಳಿಸಬೇಕು, ಎರಡೂ ಕಡೆ.
ಎಡಗೆನ್ನೆಯ ಮೇಲೆ ಅಪ್ಪನ ಮುದ್ರೆ:
ಹೆಸರಿನ ಮೊದಲಕ್ಷರ, ಕೆಳಗೊಂದು ಚುಕ್ಕಿ.
ಚುಕ್ಕಿ ಯಾಕೆಂದು ನಾನು ಯಾವತ್ತೂ ಕೇಳಿರಲಿಲ್ಲ.
'ಮುದ್ರೆ ಹೋಗುತ್ತೆ' ಎಂದೆ.
ಬೈಂಜು ಟೋಪಿ ತಿರುಗಿಸಿಟ್ಟ.
'ಬಾಕೀಸಿಯೊಗೆ ನಾನು ಮೂರು ಕುರಿಮರಿ ಕೊಟ್ಟದ್ದು
ಕೊಯ್ಯೋ ಕತ್ತಿಗೆ.' ಆಮೇಲೆ, ಮೆಲ್ಲಗೆ,
'ನೀನು ಬೇಡ ಅಂದ್ರೆ ಹಾಗೇ ಇರಲಿ.'

ಬೇಡ ಅನ್ನಲಿಲ್ಲ.
ಕಲ್ಲು ತಿರುಗಿತು, ನೀರು ತೊಟ್ಟಿಕ್ಕಿತು,
ಬರಿ ಬೆರಳಲ್ಲಿ ಅಲಗನ್ನು ಒತ್ತಿ ಹಿಡಿದೆ.
ಬಿಸಿ ಏರಿದರೆ ಉಕ್ಕು ಸಾಯುತ್ತದೆ,
ಅದು ಚರ್ಮಕ್ಕೇ ಮೊದಲು ತಿಳಿಯಬೇಕು.
ಚುಕ್ಕಿ ಮೊದಲು ಹೋದೀತು ಅಂದುಕೊಂಡಿದ್ದೆ.
ಇಲ್ಲ, ಅಕ್ಷರ ಹೋಯಿತು,
ಚುಕ್ಕಿಯನ್ನು ಅಪ್ಪ ಆಳಕ್ಕೆ ಹೊಡೆದಿದ್ದ.
ಮೂರು ಸಲ ಅಳೆದೆ. ಬೆನ್ನು ಎರಡೂಕಾಲು,
ಬಾಯಿಯ ಹಿಂದೆ ಎರಡು ಹಾಳೆ ಕಾಗದ.
ಅಲ್ಲಿಗೆ ನಿಲ್ಲಿಸಿದೆ. ಚುಕ್ಕಿ ಮಸುಕಾಗಿ ಇತ್ತು.
ಅಳತೆ ಬಂತೆಂದು ನಿಲ್ಲಿಸಿದೆನೋ, ಬೇರೆಯದಕ್ಕೋ.

ಬೈಂಜು ಚೀಸು ಕೊಯ್ದ.
ಪುಡಿಯಾಗಲಿಲ್ಲ, ಬಾಗಿ ಸುರುಳಿ ಸುತ್ತಿಕೊಂಡಿತು.
ತಿಂದ. ನನಗೂ ಒಂದು ಕೊಯ್ದ.
'ಇದರಲ್ಲಿ ಡಬ್ಬದ ಮುಚ್ಚಳ ಎಬ್ಬಬೇಡ' ಎಂದೆ.
'ನಿಮ್ಮಪ್ಪನೂ ಹಾಗೇ ಹೇಳಿದ್ದ.'
'ಎಬ್ಬಿದ್ದೀಯಾ?'
'ದಿನಾ.'

ಆತ ಹೋದ ಮೇಲೆ ಸಾಣೆಕಲ್ಲಿನ ತೊಟ್ಟಿ ಬಗ್ಗಿಸಿದೆ.
ತಳದಲ್ಲಿ ಒಂದು ಹಿಡಿ ಬೂದುಬಣ್ಣದ ಕೆಸರು.
ಎಂದಿನಂತೆ ಹಿತ್ತಿಲ ಪಾಪಾಸುಕಳ್ಳಿಯ ಬುಡಕ್ಕೆ ಚೆಲ್ಲಿ
ತೊಟ್ಟಿ ತೊಳೆದಿಟ್ಟೆ.