ಎರಡು ಜೊತೆ ಕಾಲುಚೀಲ

ಲರ್ವಿಕ್ ಬಂದರು, ಶೆಟ್ಲೆಂಡ್ ದ್ವೀಪ, ೧೭೫೩

ಕೂತುಕೊಳ್ಳಿ, ಲಂಡನ್ನಿನ ದೊರೆ.
ಅದರ ಮೇಲಲ್ಲ, ಆ ಪೀಪಾಯಿ ಸೀಳಿದೆ.
ನಿಮ್ಮ ಕಾಗದ ಓದಿಸಿ ಕೇಳಿದೆ:
ನಮ್ಮ ಕಡಲು, ನಮ್ಮ ಹೆರಿಂಗು, ಡಚ್ಚರ ಕೊಳ್ಳೆ.
ಮೂರು ಸಲ ಬರೆದಿದ್ದೀರಿ.
ಹಡಗು ಕಟ್ಟಿದವರಿಗೆ ಟನ್ನಿನ ಲೆಕ್ಕದಲ್ಲಿ ಇನಾಮೂ ಉಂಟಂತೆ.
ಹೋದ ವರ್ಷ ಬಂದಿದ್ದವು ಅಂಥವು ಎರಡು.
ಬಣ್ಣ ಹೊಸದು, ಬಲೆ ಹೊಸದು,
ಬಲೆ ನೆನೆದದ್ದು ಮಾತ್ರ ಮಳೆಗೆ.

ಜೂನ್ ಕೊನೆಗೆ ಇಲ್ಲಿ ಕತ್ತಲಾಗುವುದಿಲ್ಲ.
ಸೂರ್ಯ ಕಣ್ಣು ಮುಚ್ಚಿದ ಹಾಗೆ ಮಾಡಿ ಏಳುತ್ತಾನೆ.
ಆಗ ಬರುತ್ತಾರೆ ಅವರು.
ಹಡಗಿನಿಂದ ಹಡಗಿಗೆ ಕಾಲಿಟ್ಟೇ
ಆಚೆ ದಡ ಮುಟ್ಟಬಹುದು ಅನ್ನುತ್ತಿದ್ದಳು ಅಜ್ಜಿ.
ಅರ್ಧದವರೆಗೆ ನಾನೂ ಹೋಗಿದ್ದೇನೆ,
ಹೆಗಲ ಮೇಲೆ ಕಾಲುಚೀಲದ ಕಟ್ಟು,
ಚಳಿಗಾಲವಿಡೀ ಅರೆಗುರುಡಾಗಿ ಹೆಣೆದದ್ದು.
ದುಡ್ಡು ಕೊಟ್ಟು ಕೊಂಡವರು ಅವರು.
ಕೋಪ ಬೇಡ, ಲೆಕ್ಕ ಹೇಳಿದೆ.

ನನ್ನ ರಾಸ್ಮಿ ಹಿಡಿಯುವುದರಲ್ಲಿ ಯಾರಿಗೆ ಕಡಿಮೆ?
ಹ್ಯಾಂಬರ್ಗಿಗೆ ಕಳಿಸಿದ ನಲವತ್ತು ಪೀಪಾಯಿ
ನಾತ ಹೊತ್ತು ಹಿಂದೆ ಬಂದವು.
ಹಂದಿಯೂ ಮೂಸಲಿಲ್ಲ.
ಅದೇ ನೀರು, ಅದೇ ಮೀನು, ಅದೇ ವಾರ,
ಡಚ್ಚರದ್ದು ಬೆಳ್ಳಿಯಾಯಿತು.

ಕೇಳಿಯೇಬಿಟ್ಟೆ ಒಂದು ದಿನ.
ಟ್ಯೂನಿಸ್ ಅಂತ ಒಬ್ಬ ಮುದುಕ, ಎಡಗೈಗೆ ಮೂರೇ ಬೆರಳು,
ನೋಡು ಎಂದ.
ಹೆಬ್ಬೆರಳುದ್ದದ ಚೂರಿ, ಕಿವಿರ ಕೆಳಗೆ ಒಂದೇ ತಿರುವು,
ಕಿವಿರು ಬಂತು, ನೆತ್ತರು ಬಂತು, ಕರುಳು ಬಂತು,
ಒಂದು ಚೂರನ್ನು ಬೇಕೆಂದೇ ಒಳಗೆ ಬಿಟ್ಟ.
ಅದ್ಯಾಕೆ? 'ಮೀನು ಹಣ್ಣಾಗಲಿಕ್ಕೆ.'
ಆಮೇಲೆ ಉಪ್ಪು, ಅಲ್ಲೇ, ಹಡಗಿನ ಮೇಲೆಯೇ,
ಮೀನಿನ್ನೂ ಹೊಳೆಯುತ್ತಿರುವಾಗ.
ಚೂರಿಗೆ ಒಂದು ಜೊತೆ ಕಾಲುಚೀಲ ಕೇಳಿದ.
ನಾಚಿಕೆಯಾಗಿ ಎರಡು ಕೊಟ್ಟೆ.

ಈಗ ಈ ಕೊಟ್ಟಿಗೆಯಲ್ಲಿ ಹನ್ನೊಂದು ಹುಡುಗಿಯರು.
ಬೆರಳಿಗೆಲ್ಲ ಚಿಂದಿ ಸುತ್ತಿದ್ದಾರೆ ನೋಡಿ,
ಗಾಯ ಎಲ್ಲಿದೆಯೆಂದು ಉಪ್ಪಿಗೆ ಗೊತ್ತು.
ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು, ನಿಜ.
ಆದರೆ ಉಪ್ಪೇ ಎರಡು ಬಗೆ, ದೊರೆ:
ನಿಮ್ಮದು ಬೂದು, ಕಾಲುಪಾಲು ಮಣ್ಣು, ಮೇಲೆ ಸುಂಕ.
ಅವರದು ದಕ್ಷಿಣದ ಬಿಸಿಲುಂಡ ಹರಳು.

ಇನಾಮು ನೀವೇ ಇಟ್ಟುಕೊಳ್ಳಿ. ಸುಂಕ ತೆಗೆಯಿರಿ.
ಓಕ್ ಹಲಗೆ ಕಳಿಸಿ, ಪೀಪಾಯಿ ಬಿಗಿಯಬಲ್ಲವನೊಬ್ಬನನ್ನೂ,
ಕುಡುಕನಾದರೂ ನಡೆದೀತು.
ಇನ್ನೆರಡು ಬೇಸಿಗೆ ಡಚ್ಚರನ್ನು ಅಟ್ಟಬೇಡಿ.

ಈ ಸಲ ಟ್ಯೂನಿಸ್ ಬಂದರೆ
ನಮ್ಮ ಪೀಪಾಯಿಯದೊಂದು ತಿನ್ನಿಸಬೇಕು.
ಮುಖ ಕಿವಿಚಿದರೆ, ಕಲಿಯುವುದಿನ್ನೂ ಇದೆ.
ಚೆನ್ನಾಗಿದೆ ಎಂದು ಬೆನ್ನು ತಟ್ಟಿದರೂ ಇದೆ.
ಏನೂ ಹೇಳದೆ, ಬೆರಳು ಒರೆಸಿಕೊಂಡು,
ತನ್ನ ಹಡಗಿನ ಕಡೆ ನಡೆದನೋ,
ಆವತ್ತು ಬನ್ನಿ ನಿಮ್ಮ ಕಾಗದ ಹಿಡಿದು.