ಕೆಂಪು ಗುಂಡಿ

ಮೈನಸ್ ಹದಿನೇಳು. ಹೊಳೆ ಅರ್ಧ ಹೆಪ್ಪುಗಟ್ಟಿದೆ,
ಉಳಿದರ್ಧ ಕಪ್ಪಗೆ ಹರಿಯುತ್ತಿದೆ.
ರೌಸು ಊರಿನಾಚೆ ಹಲಗೆಗೂಡಿನ ಕಿಂಡಿಗೆ ಕಣ್ಣಿಟ್ಟು
ನಾನು, ಮತ್ತು ಸಂಜೆಯಿಂದ
ಮೂರೇ ಮಾತಾಡಿದ ಮುದುಕ, ಇಸುರುಗಿ.

ಹಗಲೆಲ್ಲ ಬಂದರಿನಲ್ಲಿ ಮೀನು ಸೀಳುವ ಕೈ ನನ್ನದು,
ಚಳಿ ಹೊಸದಲ್ಲ.
ಆದರೆ ಕೈಗವಸು ಹಾಕಿದರೆ ಗುಂಡಿ ಸಿಗುವುದಿಲ್ಲ,
ತೆಗೆದರೆ ಬೆರಳೇ ಸಿಗುವುದಿಲ್ಲ.
ಬ್ಯಾಟರಿ ಬದಲಿಸಲು ಟ್ರೈಪಾಡಿನಿಂದ ಕಳಚಬೇಕು;
ಬದಲಿಸಿದೊಡನೆ, ಬಾಯಿ ಮುಚ್ಚಿಸಿದ್ದ ಬೀಪ್ ಸದ್ದು
ಅಟ್ಟಿದ ಬೆಕ್ಕಿನ ಹಾಗೆ ಹಿತ್ತಿಲಿಂದ ಒಳಗೆ.
ಇರಲಿ.
ಸಹಿಸಲಾರದ್ದು ಆ ಕೆಂಪು ಗುಂಡಿ,
ಚಿತ್ರ ತೆಗೆವ ಗುಂಡಿಗೆ ಒಂದು ಅಕ್ಕಿಕಾಳಿನ ದೂರ.
ತಾಗಿದರೆ ವಿಡಿಯೊ.

ಹನ್ನೊಂದು ದಾಟಿತ್ತು. ಯಾರೋ ಕಂಬಳಿ ಕೊಡವಿದಷ್ಟು ಗಾಳಿ,
ಬಂತು ಮೀನುಗೂಬೆ.
ನಡೆಯಲು ಕಲಿತ ಮಗುವಿನೆತ್ತರ.
ಸಾಲ ಕೊಟ್ಟವನು ಬಾಗಿಲು ನೋಡುವಂತೆ
ನೀರು ನೋಡುತ್ತ ನಿಂತಿತು, ನಿಂತೇ ನಿಂತಿತು,
ರೆಕ್ಕೆ ಬಿಚ್ಚಿ, ಕಾಲು ಚಾಚಿ

ಒತ್ತಿದೆ.

ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ.
ಸೊನ್ನೆ ಸೊನ್ನೆ ಒಂದು. ಸೊನ್ನೆ ಸೊನ್ನೆ ಎರಡು.
ಫೋಕಸ್ಸು ಗೂಬೆಯ ಕೈಬಿಟ್ಟು
ಹಿಂದಿನ ಬರ್ಚ್ ಮರವನ್ನು ತಬ್ಬಿಕೊಂಡಿತ್ತು.
ಮೂರು ಚಳಿಗಾಲ ಕಾದದ್ದಕ್ಕೆ
ತೊಗಟೆಯ ಒಂದೊಂದು ಸುಕ್ಕೂ ಸ್ಪಷ್ಟ.

"ಇದನ್ನು ಮಾಡಿದವನ ಕೈ ಸೇದಿಹೋಗ!" ಅಂದೆ,
ಪಿಸುಮಾತಿನಲ್ಲಿ. ಗೂಬೆ ಇನ್ನೂ ಇತ್ತಲ್ಲ.

ಮುದುಕ ಥರ್ಮಾಸಿನ ಮುಚ್ಚಳಕ್ಕೆ ಬಾರ್ಲಿ ಚಹಾ ಬಗ್ಗಿಸಿದ,
ನನ್ನತ್ತ ಸರಿಸಿದ,
ಆ ಇಕ್ಕಟ್ಟಿನಲ್ಲೂ ಹಣೆ ಹಲಗೆಗೆ ತಾಗುವಷ್ಟು ಬಾಗಿದ.
"ಆ ಗುಂಡಿ ನನ್ನದು.
ಮೂವತ್ತೊಂದು ವರ್ಷ ಆ ಕಾರ್ಖಾನೆಯಲ್ಲಿದ್ದೆ.
ಪರೀಕ್ಷೆಯ ಕೋಣೆಯಲ್ಲಿ ಇಪ್ಪತ್ತನಾಲ್ಕು ಡಿಗ್ರಿ, ಎಲ್ಲರದೂ ಬರಿಗೈ.
ಮೇಜಿನ ಮೇಲೊಂದು ಪ್ಲಾಸ್ಟಿಕ್ ಗಿಳಿ.
ಅದು ಎಂದೂ ಹಾರಿಹೋಗಲಿಲ್ಲ."

ಏನನ್ನಲಿ? ಚಹಾ ಕುಡಿದೆ.
ಅವನ ಕ್ಯಾಮೆರಾ ಕಡೆ ಕಣ್ಣು ಹಾಯಿತು. ಅದೇ ಮಾಡೆಲ್ಲು.
ಕೆಂಪು ಗುಂಡಿಯ ಮೇಲೆ, ಮಂಡಿ ತರಚಿದ ಮಕ್ಕಳಿಗೆ ಹಚ್ಚುತ್ತಾರಲ್ಲ,
ಅಂಥ ಗಾಯದ ಪಟ್ಟಿ.

ಜೇಬಿನಿಂದ ಇನ್ನೊಂದು ತೆಗೆದ, ನನಗೆ.
ಅದರ ಬೆನ್ನಿನ ಕಾಗದ ಸುಲಿಯಲು
ಅವನ ಉಗುರಿಗೆ ಆಗಲಿಲ್ಲ, ನನ್ನದಕ್ಕೂ ಆಗಲಿಲ್ಲ,
ಹಲ್ಲಿಗೂ ಸಿಕ್ಕಲಿಲ್ಲ.
ಹೊಳೆಯಾಚೆ ಗೂಬೆ ಮೀನಿನ ಬಾಲ ನುಂಗಿ
ನಮ್ಮ ಕಡೆಗೊಮ್ಮೆ ತಲೆ ತಿರುಗಿಸಿತು.

"ಇದನ್ನು ಮಾಡಿದವನ..." ಅಂತ
ಈ ಸಲ ಶುರುಮಾಡಿದ್ದು ಇಸುರುಗಿ.