ಗೋಡೆಯ ಈಚೆಗೆ

ಹಲ್ ಊರಿನ ಹಳೇ ಟಾಕೀಸಿನಲ್ಲಿ ಇವತ್ತು
ನಮ್ಮ ಪಕ್ಕದ್ಮನೆ ಹುಡುಗರ ಸಿನಿಮಾ.
'ಡ್ಯಾಂಪ್ ಮ್ಯಾಚಸ್', ಅಂದರೆ ತೇವದ ಬೆಂಕಿಕಡ್ಡಿಗಳು,
ಹೊತ್ತಿ ಉರಿದದ್ದು ಮೂರೇ ವರ್ಷ.
ಆದರೂ ಪರದೆಯ ಮೇಲೆ ಬೊಕ್ಕತಲೆಯ ಪಂಡಿತನೊಬ್ಬ
ಕಣ್ಣು ಮುಚ್ಚಿ ಹೇಳುತ್ತಾನೆ:
'ಇವರಿಲ್ಲದಿದ್ದರೆ ನಾವ್ಯಾರೂ ಇಲ್ಲ.'

ಕೆಲ್ವಿನ್ ಕಿರುಚುತ್ತಾನೆ, ಪಕ್ಕೆಲುಬು ಎಣಿಸಬಹುದು.
ಹರಿದ ಅಂಗಿಗೆ ಪಿನ್ನು. ಆ ಪಿನ್ನು ನಮ್ಮದು,
ತಮ್ಮನ ಲಂಗೋಟಿಯದು. ಕೇಳಿ ಒಯ್ದವನು
ವಾಪಸು ಕೊಡಲಿಲ್ಲ.

ಆಮೇಲೆ ಬಂತು ಮೊದಲ ಟೇಪು, ಎಪ್ಪತ್ತೆಂಟರದು.
ಹಾಡಿನ ನಡುವೆ ದಡ್, ದಡ್ದಡ್.
ಪಂಡಿತ ಮತ್ತೆ: 'ಈ ಪೆಟ್ಟು ಗಮನಿಸಿ!
ಇಂಥ ಲಯ ಅದುವರೆಗೆ ಯಾರೂ ಕೇಳಿರಲಿಲ್ಲ.'

ನಾನು ಕೇಳಿದ್ದೆ.
ಅದು ನನ್ನಮ್ಮ ಡೊರೀನ್,
ಮೀನಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಹಗಲು ಕಣ್ಣು ಮುಚ್ಚಲು ಹೆಣಗುತ್ತಾ
ಪೊರಕೆಯ ಹಿಡಿಯಿಂದ ಗೋಡೆ ಬಡಿದದ್ದು.
ಗಾರೆ ಉದುರಿದ ಗುಳಿ ಇನ್ನೂ ಇದೆ,
ಅದರ ಮೇಲೆ
ಅವಳು ತೀರಿಕೊಂಡ ವರ್ಷದ ಕ್ಯಾಲೆಂಡರು.

ಪೆಟ್ಟು ಬೀಳುತ್ತಿದ್ದುದು, ಈಗ ಹೊಳೆಯಿತು ನನಗೆ,
ಗದ್ದಲಕ್ಕಲ್ಲ.
ಚಿಕ್ಕಂದಿನಲ್ಲಿ ಚರ್ಚಿನ ಬ್ಯಾಂಡಿನಲ್ಲಿ ಡೋಲು ಬಾರಿಸಿದವಳು.
ಹುಡುಗರು ತಾಳ ತಪ್ಪಿದಲ್ಲೆಲ್ಲ
ತಡೆಯಲಾಗುತ್ತಿರಲಿಲ್ಲ ಅವಳಿಗೆ.

ಹೆಸರುಗಳು ಮೇಲಕ್ಕೆ ಸರಿದವು.
ಗಿಟಾರು, ಬೇಸು, ಡ್ರಮ್ಮು,
ವ್ಯಾನು ಕೊಟ್ಟವನ ಹೆಸರೂ ಇತ್ತು.
ಚಪ್ಪಾಳೆಯ ನಡುವೆ ನಾನು
ಮುಂದಿನ ಕುರ್ಚಿಯ ಬೆನ್ನಿಗೆ ಬೂಟಿನಿಂದ
ದಡ್, ದಡ್ದಡ್.

ಆ ಕುರ್ಚಿಯಲ್ಲಿದ್ದ ಕೆಲ್ವಿನ್,
ಈಗ ಎರಡೂ ಕಿವಿಗೆ ಯಂತ್ರ,
ತಿರುಗದೆಯೇ ತಲೆ ತಗ್ಗಿಸಿ
'ಸಾರಿ, ಮಿಸೆಸ್ ಸ್ಟ್ಯಾದರ್ಸ್' ಎಂದ.